ಚಿಕಿತ್ಸೆಯ ಗುಣ ಅಳೆಯುವ ಮುನ್ನ

ತಮ್ಮನ್ನೇ ಗಾಯಗೊಳಿಸಿಕೊಳ್ಳುವವರು ಮನೋಚಿಕಿತ್ಸೆಗೆ ಬರುವುದು ಸಾಮಾನ್ಯವಾಗಿ ಸಂಕಟ ಮಿತಿ ಮೀರಿದಾಗ. ಅಂಥ ಬಿಕ್ಕಟ್ಟು ಚಿಕಿತ್ಸೆಯಿಲ್ಲದೆಯೂ ಕೆಲವು ವಾರಗಳಲ್ಲಿ ಸ್ವಲ್ಪ ಇಳಿಯುವುದುಂಟು. ಆದ್ದರಿಂದ ‘ಮೊದಲು ಹಾಗಿತ್ತು, ಈಗ ಹೀಗಿದೆ’ ಎಂಬುದನ್ನಷ್ಟೇ ನೋಡಿ ಚಿಕಿತ್ಸೆಯನ್ನು ಹೊಗಳುವುದು ದುಡುಕು. ಹೋಲಿಕೆಗೆ ಇನ್ನೊಂದು ಗುಂಪು ಬೇಕು. ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗಬೇಕು.

ಬ್ರಿಟನ್ನಿನಲ್ಲಿ 480 ಮಂದಿಯ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗವನ್ನೇ ನೋಡಬಹುದು. ಕಿರುಪುಸ್ತಕದ ನೆರವಿನ ಅಲ್ಪಾವಧಿ ಚಿಕಿತ್ಸೆ ಪಡೆದವರಲ್ಲಿ ವರ್ಷದೊಳಗೆ ಶೇ. 39 ಮಂದಿ ಮತ್ತೆ ಸ್ವಹಾನಿ ಮಾಡಿಕೊಂಡರು. ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 46. ಮೇಲ್ನೋಟಕ್ಕೆ ಇದು ಗೆಲುವು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಮಾತ್ರ ಆಕಸ್ಮಿಕವಾಗಿಯೂ ಬರಬಹುದಾದ ಅಂತರ. ಹೋಲಿಕೆಯ ಗುಂಪೇ ಇಲ್ಲದಿದ್ದರೆ ‘ನೂರಕ್ಕೆ 61 ಮಂದಿ ಗುಣ’ ಎಂದು ಯಾರಾದರೂ ಹೇಳಿಬಿಡಬಹುದಿತ್ತು.

ಏನನ್ನು ಅಳೆದರು ಎಂಬುದೂ ಮುಖ್ಯ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ (ಡಿಬಿಟಿ) ಎಂಬ ಮನೋಚಿಕಿತ್ಸೆಯ ಬಗ್ಗೆ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೋಲಿಕೆಯ ಗುಂಪಿಗಿಂತ ಸ್ವಹಾನಿ ಕಡಿಮೆಯಾಯಿತು. ಖಿನ್ನತೆ, ಹತಾಶೆಗಳಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಗಾಯ ನಿಂತ ಮೇಲೂ ಒಳಗಿನ ನೋವು ಉಳಿದಿರಬಹುದು, ಮನೆಯವರೂ ಇದನ್ನು ನೆನಪಿಡುವುದು ಒಳ್ಳೆಯದು. ಯಾರನ್ನು ಲೆಕ್ಕಕ್ಕೆ ಹಿಡಿದರು ಎಂಬುದೂ ಅಷ್ಟೇ ಮುಖ್ಯ: ನಡುವೆ ಚಿಕಿತ್ಸೆ ಬಿಟ್ಟವರನ್ನು ಲೆಕ್ಕದಿಂದ ಕೈಬಿಟ್ಟ ವರದಿಯನ್ನು ನಂಬಬಾರದು. ಹೆಚ್ಚು ಕಷ್ಟದಲ್ಲಿರುವವರು ಅವರೇ ಆಗಿರಬಹುದು.

ಹಾಗೆಂದು, ಪುರಾವೆ ಸಾಲದು ಎಂಬ ಕಾರಣಕ್ಕೆ ನೆರವು ಕೇಳುವುದನ್ನು ಯಾರೂ ಮುಂದೂಡಬಾರದು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.