ಹೃದಯದೋಷವುಳ್ಳ ಶಿಶುವೂ ಅದರ ಹಕ್ಕೂ

ಹಾಲು ಕುಡಿಯುವಾಗ ಹಣೆಯಲ್ಲಿ ಬೆವರೊಡೆದು ನಡುನಡುವೆ ಮೊಲೆ ಬಿಟ್ಟು ಏದುಸಿರಿಡುವ, ಅತ್ತಾಗ ತುಟಿ ಉಗುರುಗಳು ನೀಲಿಗಟ್ಟುವ, ಪದೇಪದೇ ನ್ಯುಮೋನಿಯಾಕ್ಕೀಡಾಗಿ ಮೈ ಹತ್ತದೆ ಉಳಿಯುವ ಕೂಸನ್ನು ಕಂಡು ದೃಷ್ಟಿಯೆಂದೋ ಬಾಲಗ್ರಹವೆಂದೋ ಸಮಾಧಾನ ತಂದುಕೊಳ್ಳುವ ಹಿರಿಯರು ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂದಿಗೂ ಇಲ್ಲದಿಲ್ಲ. ಅವರನ್ನು ಹಳಿಯುವುದರಿಂದ ಫಲವೂ ಇಲ್ಲ. ಸಾವಿರ ಜನನಗಳಲ್ಲಿ ಸುಮಾರು 8 ಶಿಶುಗಳಿಗೆ ಆಜನ್ಮ ಹೃದಯದೋಷವಿರುತ್ತದೆ. ಅವುಗಳಲ್ಲನೇಕವು ಸಕಾಲಿಕ ಚಿಕಿತ್ಸೆಯಿಂದ ಪರಿಹಾರವಾಗತಕ್ಕವು.

ಈ ಚಿಕಿತ್ಸೆಯನ್ನು ದಾನವೆಂದು ಬಗೆದು ಕೈಮುಗಿದು ನಿಲ್ಲುವ ತಂದೆತಾಯಿಗಳು ಒಂದು ಪ್ರಕರಣವನ್ನು ಅರಿತಿರಬೇಕು. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿಕಾರ್ಮಿಕನೊಬ್ಬನನ್ನು ಪಶ್ಚಿಮ ಬಂಗಾಳದ ಸರ್ಕಾರಿ ಆಸ್ಪತ್ರೆಗಳು ಒಂದರ ಹಿಂದೊಂದು ಹಿಂದಿರುಗಿಸಿದಾಗ, ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಸಕಾಲಕ್ಕೆ ಚಿಕಿತ್ಸೆ ದೊರೆಯದಿರುವುದು ಸಂವಿಧಾನದ 21ನೆಯ ಅನುಚ್ಛೇದವು ಕೊಟ್ಟ ಜೀವಿಸುವ ಹಕ್ಕಿನ ಉಲ್ಲಂಘನೆಯೆಂದೂ, ಹಣವಿಲ್ಲವೆಂಬ ನೆಪದಿಂದ ಸರ್ಕಾರವು ಈ ಹೊಣೆಯನ್ನು ಕಳಚಿಕೊಳ್ಳಲಾಗದೆಂದೂ ತೀರ್ಪಿತ್ತಿತು.

ಈ ಹಕ್ಕು ಕೈಗೂಡಲು ಮೊದಲು ದೋಷವು ಪತ್ತೆಯಾಗಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಅಂಗನವಾಡಿಗೆ ವರ್ಷಕ್ಕೆರಡಾವರ್ತಿ, ಸರ್ಕಾರಿ ಶಾಲೆಗೆ ಒಂದಾವರ್ತಿ ಬಂದು, 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸತಕ್ಕದ್ದೆಂಬುದು ನಿಯಮ; ಬಡಕಲು ಕೂಸೆಂಬ ಸಂಕೋಚದಿಂದ ಆ ದಿನವೇ ಅದನ್ನು ಮನೆಯಲ್ಲಿರಿಸಿಕೊಳ್ಳುವುದು ಮಾತ್ರ ಬೇಡ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಉಚಿತ ಚಿಕಿತ್ಸೆಯುಂಟು; ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡ 30ರಷ್ಟು ನೆರವು.

ಆದರೆ ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡಾಸ್ಪತ್ರೆಗೆ ಹೊರಡುವ ಮೊದಲು ಕೈಯಲ್ಲಿರಬೇಕಾದ ಕಾಗದವೊಂದಿದೆ: ತಾಲ್ಲೂಕು ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಯು ಬರೆದುಕೊಡುವ ರೆಫರಲ್ ಪತ್ರ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಅದಿಲ್ಲದೆಯೂ ದಾಖಲಾಗಬಹುದು. ಉಳಿದಂತೆ ಎಷ್ಟೋ ಕುಟುಂಬಗಳು ಎಡವುವುದು ಇಲ್ಲಿಯೇ. ವೈದ್ಯರು ಬಾಯಲ್ಲಿ ಹೇಳಿದರೆ ಸಾಲದು. ರೋಗದ ಹೆಸರು, ತಾರೀಖು, ರುಜು, ಮೊಹರು ಇವಿಷ್ಟೂ ಪತ್ರದಲ್ಲಿರಲಿ, ಅದರ ಜೆರಾಕ್ಸ್ ಪ್ರತಿಯೊಂದು ತಾಯಿ ಕಾರ್ಡಿನ ಜೊತೆಯಲ್ಲಿರಲಿ. ಪಡಿತರ ಚೀಟಿ, ಆಧಾರ್‌ಗಳ ಜೊತೆಗೆ ಜನನ ಪ್ರಮಾಣಪತ್ರವೂ ಬೇಕಾದೀತು. ಹುಟ್ಟಿದ 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ.

"ನಾಳೆ ಬನ್ನಿ" ಎಂಬ ಉತ್ತರವೇ ಆಸ್ಪತ್ರೆಯಿಂದ ಪುನಃಪುನಃ ಬಂದಲ್ಲಿ, ಅರ್ಜಿಯನ್ನು ಎರಡು ಪ್ರತಿ ಬರೆದು ಒಂದರ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ. ಆ ಅರ್ಜಿ ಏನಾಯಿತೆಂದೂ ಕೇಳಬಹುದು: ಮಾಹಿತಿ ಹಕ್ಕು ಅಧಿನಿಯಮದಡಿ ಸಾಮಾನ್ಯವಾಗಿ 30 ದಿನಗಳಲ್ಲಿ ಸಿಗತಕ್ಕ ಮಾಹಿತಿಯನ್ನು, ಪ್ರಾಣದ ಪ್ರಶ್ನೆಯಾದಾಗ 48 ಗಂಟೆಗಳಲ್ಲಿಯೇ ಕೊಡತಕ್ಕದ್ದು. ಬಿಪಿಎಲ್ ಕುಟುಂಬಕ್ಕೆ ಅದರ ಶುಲ್ಕವೂ ಇಲ್ಲ. ಅಷ್ಟಕ್ಕೂ ಕೆಲಸವಾಗದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿರಿ, ಇಲ್ಲವೆ 15100ಕ್ಕೆ ಕರೆಮಾಡಿರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನನ್ವಯ ಸ್ತ್ರೀಯರಿಗೂ ಮಕ್ಕಳಿಗೂ, ಆದಾಯವೆಷ್ಟೇ ಇರಲಿ, ವಕೀಲರ ನೆರವು ಉಚಿತ.