ಶೇಕಡಾ ಪಾಠದಲ್ಲಿ ರಾಜ್ಯದ ಆಯವ್ಯಯ: ಖರ್ಚು ತಡೆಹಿಡಿದರೆ ಉಳಿಯುವುದೆಷ್ಟು?

ಎಂಟನೇ ತರಗತಿಯ ಗಣಿತದಲ್ಲಿ ಶೇಕಡಾ ಲೆಕ್ಕವೆಂದರೆ ರಿಯಾಯಿತಿ, ಲಾಭ-ನಷ್ಟ, ಬಡ್ಡಿ. ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಸಾರ್ವಜನಿಕ ಹಣಕಾಸು ಎಂದರೆ ಉಳಿತಾಯ, ಕೊರತೆ, ಸಮತೋಲನ ಎಂಬ ಮೂರು ಬಗೆಯ ಆಯವ್ಯಯಗಳ ವ್ಯಾಖ್ಯೆ. ಎರಡನ್ನೂ ಕಲಿಯುವುದು ಅದೇ ಮಗು. ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಹಲಸೂರಿನ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆ ಮಾಡುವಾಗ ಶೇಕಡಾ ಘಟಕದ ಎರಡು ಅವಧಿಗಳನ್ನು 2025-26ರ ಕರ್ನಾಟಕ ಆಯವ್ಯಯದ ಅಂಕಿಗಳಿಂದಲೇ ನಡೆಸಿದೆ. ಪಾಠ ಯೋಜನೆಯಲ್ಲಿ ಬರೆದ ಉದ್ದೇಶ ಒಂದೇ: 'ಶೇಕಡಾ ಇಷ್ಟು' ಎಂದು ಯಾರಾದರೂ ಹೇಳಿದರೆ 'ಯಾವುದರ ಶೇಕಡಾ?' ಎಂದು ಮಕ್ಕಳು ತಿರುಗಿ ಕೇಳಬೇಕು.

2025ರ ಮಾರ್ಚ್ 7ರಂದು ಮಂಡನೆಯಾದ ಆ ಆಯವ್ಯಯದಿಂದ ಹಲಗೆಯ ಮೇಲೆ ಬರೆದದ್ದು ನಾಲ್ಕೇ ಅಂಕಿಗಳು, ಎಲ್ಲವೂ ಕೋಟಿ ರೂಪಾಯಿಗಳಲ್ಲಿ. ರಾಜಸ್ವ ಜಮೆ 2,92,477. ರಾಜಸ್ವ ವೆಚ್ಚ 3,11,739. ಬಂಡವಾಳ ವೆಚ್ಚ 71,336. ಹಳೆಯ ಸಾಲದ ಮರುಪಾವತಿ 26,474. ವೆಚ್ಚಗಳನ್ನೆಲ್ಲ ಕೂಡಿಸಿದರೆ 4,09,549. ಇಷ್ಟು ದೊಡ್ಡ ಸಂಖ್ಯೆಗಳನ್ನು ಕಂಡು ಮಕ್ಕಳು ಹೆದರುತ್ತಾರೆಂದು ಸಹಪಾಠಿಗಳು ಎಚ್ಚರಿಸಿದ್ದರು. ಮಕ್ಕಳು ಹೆದರಲಿಲ್ಲ. ಮನೆಯಲ್ಲಿ ಚೀಟಿ ಹಾಕುವ ಮಕ್ಕಳಿಗೆ ಕೂಡುವುದು, ಕಳೆಯುವುದು ಹೊಸದಲ್ಲ.

ಚೀಟಿಯಿಂದಲೇ ರಾಜಸ್ವ ಮತ್ತು ಬಂಡವಾಳದ ವ್ಯತ್ಯಾಸಕ್ಕೆ ಬಂದೆವು. ಚೀಟಿ ಎತ್ತಿ ಆಟೊ ಕೊಳ್ಳುವುದಕ್ಕೂ ಚೀಟಿ ಎತ್ತಿ ಮನೆ ಬಾಡಿಗೆ ಕಟ್ಟುವುದಕ್ಕೂ ಏನು ವ್ಯತ್ಯಾಸ? ಆಟೊ ನಾಳೆ ದುಡಿಯುತ್ತದೆ, ಬಾಡಿಗೆ ಮುಂದಿನ ತಿಂಗಳು ಮತ್ತೆ ಬರುತ್ತದೆ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಆ ತರಗತಿಯಲ್ಲಿ ಮನೆಮಾತು ತಮಿಳು, ಉರ್ದು, ತೆಲುಗು, ಕನ್ನಡ ಎಲ್ಲವೂ ಇದ್ದವು. ಬಡ್ಡಿ ಎಂದಾಗ ವಟ್ಟಿ, ವಡ್ಡಿ, ಸೂದ್ ಎಂದು ಒಟ್ಟಿಗೆ ಕೇಳಿಬಂತು. ಪರಿಕಲ್ಪನೆಯನ್ನು ನಾನು ಕೊಡಬೇಕಾಗಿರಲಿಲ್ಲ, ಪಾರಿಭಾಷಿಕ ಪದ ಕೊಟ್ಟರೆ ಸಾಕಾಗಿತ್ತು. ದಿನನಿತ್ಯದ ಖರ್ಚಿಗೇ ಆದಾಯ ಸಾಲದಿದ್ದರೆ ಅದು ರಾಜಸ್ವ ಕೊರತೆ: 3,11,739ರಿಂದ 2,92,477 ಕಳೆದರೆ 19,262 ಕೋಟಿ.

ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡ ರಾಜ್ಯ. ಅದರ ಪ್ರಕಾರ ರಾಜಸ್ವ ಕೊರತೆ ಇರಬಾರದು; ವಿತ್ತೀಯ ಕೊರತೆ, ಅಂದರೆ ಆ ವರ್ಷ ಹೊಸ ಸಾಲದಿಂದ ತುಂಬಬೇಕಾದ ಅಂತರ, ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 3 ಮೀರಬಾರದು; ಒಟ್ಟು ಹೊಣೆ ಶೇ 25 ಮೀರಬಾರದು. 2025-26ರ ಅಂದಾಜಿನಲ್ಲಿ ಕೊನೆಯ ಎರಡು ಶೇ 2.95 ಮತ್ತು ಶೇ 24.91. ಎರಡೂ ಮಿತಿಯೊಳಗೇ ಇವೆ, ಆದರೆ ಕೂದಲೆಳೆಯ ಅಂತರದಲ್ಲಿ. ಇನ್ನಷ್ಟು ಸಾಲ ತರೋಣ ಎನ್ನುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ ಎಂದು ಮಕ್ಕಳೇ ಹೇಳಿದರು. ಹಾಗಾದರೆ 19,262 ಕೋಟಿಯನ್ನು ಖರ್ಚಿನಲ್ಲಿ ಹೇಗೆ ಉಳಿಸುವುದು? ಇದು ಗುಂಪು ಚಟುವಟಿಕೆ.

ಮೊದಲು ಮುಗಿಸಿದ ಗುಂಪಿನ ಉತ್ತರ ಅಚ್ಚುಕಟ್ಟಾಗಿತ್ತು. 19,262 ಎನ್ನುವುದು 3,11,739ರ ಶೇ 6.2ರಷ್ಟು. ಎಲ್ಲದರಲ್ಲೂ ಶೇ 6.2 ನಿಲ್ಲಿಸಿದರಾಯಿತು, ಯಾರಿಗೂ ಅನ್ಯಾಯವಿಲ್ಲ. ಪಾಠದ ತಿರುಳು ಇರುವುದು ಇಲ್ಲಿ ಎಂದು ನನ್ನ ಅನಿಸಿಕೆ. ಬಡ್ಡಿಯಲ್ಲಿ ಶೇ 6.2 ಕಡಿಮೆ ಕೊಡಬಹುದೇ? ಸಾಲ ಕೊಟ್ಟವರು ಒಪ್ಪುವುದಿಲ್ಲ. ಪಿಂಚಣಿಯಲ್ಲಿ? ಈಗಾಗಲೇ ನೇಮಕವಾದವರ ಸಂಬಳದಲ್ಲಿ? ಹೀಗೆ ಮುಟ್ಟಲಾಗದ್ದು ಬದ್ಧ ವೆಚ್ಚ. ಅದು ರಾಜಸ್ವ ವೆಚ್ಚದ ಅರ್ಧ ಎಂದು ಇಟ್ಟುಕೊಳ್ಳಿ ಎಂದೆ. ಆಗ ಉಳಿದರ್ಧದಲ್ಲಿ ಉಳಿಸಬೇಕಾದದ್ದು ಶೇ 12.4. ಮೂರರಲ್ಲಿ ಎರಡು ಪಾಲು ಎಂದುಕೊಂಡರೆ ಶೇ 18.5. ಮೇಲಿನ ಸಂಖ್ಯೆ ಬದಲಾಗಲಿಲ್ಲ, ಕೆಳಗಿನ ಸಂಖ್ಯೆ ಕರಗುತ್ತ ಹೋಯಿತು. ಭಿನ್ನರಾಶಿಯ ಛೇದ ಚಿಕ್ಕದಾದರೆ ಬೆಲೆ ದೊಡ್ಡದಾಗುತ್ತದೆ ಎಂಬುದನ್ನು ಆರನೇ ತರಗತಿಯಿಂದ ಕೇಳಿದವರು ಅಂದು ಅದನ್ನು ಗಮನವಿಟ್ಟು ನೋಡಿದರು.

ಇನ್ನೊಂದು ಗುಂಪು ನೇರವಾಗಿ ಗ್ಯಾರಂಟಿ ಯೋಜನೆಗಳಿಗೆ ಕೈಹಾಕಿತು. ಅವುಗಳಿಗೆ ಇಟ್ಟದ್ದು 51,034 ಕೋಟಿ. 19,262 ಅದರ ಶೇ 37.7. ಎಲ್ಲ ಯೋಜನೆಗಳಲ್ಲೂ ಸಮನಾಗಿ ಕಡಿಮೆ ಮಾಡಿದರೆ ಗೃಹಲಕ್ಷ್ಮಿಯ 2,000 ರೂಪಾಯಿ ಸುಮಾರು 1,245 ಆಗುತ್ತದೆ. ಲೆಕ್ಕ ಸರಿಯಿತ್ತು. ಅದೇ ಗುಂಪಿನ ಹುಡುಗಿಯೊಬ್ಬಳು ಮಾತ್ರ ಉತ್ತರಕ್ಕೆ ತನ್ನ ಹೆಸರು ಬರೆಯಲು ಒಪ್ಪಲಿಲ್ಲ. ಅವಳ ತಾಯಿ ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಶಕ್ತಿ ಟಿಕೆಟ್‌ನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಇಂಥ ಚರ್ಚೆಯಲ್ಲಿ ಪ್ರಶಿಕ್ಷಣಾರ್ಥಿ ಪಕ್ಷ ವಹಿಸಬಾರದು ಎನ್ನುವುದು ಸರಿ. ಹಾಗೆಂದು ಚರ್ಚೆಯನ್ನೇ ತಡೆಯಬೇಕಾಗಿಲ್ಲ. ಪ್ರತಿ ಗುಂಪೂ ತನ್ನ ಉತ್ತರದ ಕೆಳಗೆ 'ಇದರಿಂದ ಯಾರ ಮನೆಯ ಲೆಕ್ಕ ಬದಲಾಗುತ್ತದೆ?' ಎಂದು ಒಂದು ಸಾಲು ಬರೆಯಬೇಕೆಂದೆ. ಮೇಲ್ವಿಚಾರಕರು ಅವಲೋಕನ ಪುಸ್ತಕದಲ್ಲಿ 'ಇದು ಗಣಿತವೋ ಸಮಾಜವೋ?' ಎಂದು ಬರೆದರು. ಎರಡೂ ಎಂದೇ ಉತ್ತರಿಸಿದೆ.

ಎರಡನೇ ಅವಧಿ ಪೂರ್ತಿ ತುಟ್ಟಿಭತ್ಯೆಗೆ ಹೋಯಿತು. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್ 23ರಂದು, ಕೇಂದ್ರ ಸರ್ಕಾರ ನೌಕರರ ಮತ್ತು ಪಿಂಚಣಿದಾರರ ಮೂರು ಕಂತುಗಳನ್ನು ತಡೆಹಿಡಿಯಿತು: 2020ರ ಜನವರಿ, 2020ರ ಜುಲೈ, 2021ರ ಜನವರಿ. ಭತ್ಯೆ ಶೇ 17ರಲ್ಲೇ ನಿಂತಿತು. 2021ರ ಜುಲೈಯಿಂದ ಶೇ 28 ಆಯಿತು, ನಡುವಿನ 18 ತಿಂಗಳ ಬಾಕಿ ಬರಲಿಲ್ಲ. ಕರ್ನಾಟಕವೂ ಇದೇ ದಾರಿ ಹಿಡಿದು, ಶೇ 11.25ರಲ್ಲಿ ನಿಂತ ಭತ್ಯೆಯನ್ನು 2021ರ ಜುಲೈಯಿಂದ ಶೇ 21.50ಕ್ಕೆ ತಂದಿತು. ಎಂಇಜಿ ಇರುವ ಹಲಸೂರಿನಲ್ಲಿ ಮಿಲಿಟರಿ ಪಿಂಚಣಿಯ ಮನೆಗಳಿಗೆ ಕೊರತೆಯಿಲ್ಲ. ಅಂಥ ಮನೆಯ ಹುಡುಗನೊಬ್ಬ, "ತಾತನಿಗೆ ಕಡಿಮೆ ಏನೂ ಆಗಲಿಲ್ಲವಲ್ಲ ಮಿಸ್, ಹೆಚ್ಚಾಗಲಿಲ್ಲ ಅಷ್ಟೆ" ಎಂದ. ಒಳ್ಳೆಯ ಪ್ರಶ್ನೆ. ತಡೆಹಿಡಿಯುವುದೂ ಕಡಿತವೂ ಒಂದೇ ಅಲ್ಲ. ಆದರೆ ಬೆಲೆ ಏರುತ್ತದೆಂದೇ ತುಟ್ಟಿಭತ್ಯೆ ಇರುವುದು. ಬೆಲೆಗಳು ಏರುತ್ತಿರುವಾಗ ಭತ್ಯೆ ಮಾತ್ರ ನಿಂತರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆವು.

ಮೂಲ ಪಿಂಚಣಿ 20,000 ಇರಲಿ. ಕಂತುಗಳು ಕ್ರಮವಾಗಿ ಶೇ 4, 3, 4. ಮೊದಲ ಆರು ತಿಂಗಳು ತಿಂಗಳಿಗೆ 800ರಂತೆ 4,800. ಮುಂದಿನ ಆರು ತಿಂಗಳು ಶೇ 7ರಂತೆ 8,400. ಕೊನೆಯ ಆರು ತಿಂಗಳು ಶೇ 11ರಂತೆ 13,200. ಒಟ್ಟು 26,400, ಅಂದರೆ ಒಂದು ತಿಂಗಳ ಮೂಲ ಪಿಂಚಣಿಯ ಶೇ 132. ಮೂಲ ಎಷ್ಟೇ ಇರಲಿ ಈ 132 ಬದಲಾಗುವುದಿಲ್ಲ ಎಂದು ಮಕ್ಕಳು ಬೇರೆ ಬೇರೆ ಮೊತ್ತ ಹಾಕಿ ಕಂಡುಕೊಂಡರು. ಶೇಕಡಾ ನೂರನ್ನು ದಾಟಬಹುದೇ ಎಂಬ ಹಳೆಯ ಗೊಂದಲವೂ ಅಲ್ಲೇ ತೀರಿತು. ಹೀಗೆ 1.13 ಕೋಟಿಗೂ ಹೆಚ್ಚು ಜನರಿಂದ ಕೇಂದ್ರಕ್ಕೆ ಉಳಿದದ್ದು ಸುಮಾರು 34,402 ಕೋಟಿ ರೂಪಾಯಿ ಎಂದು ಸಂಸತ್ತಿಗೆ ತಿಳಿಸಲಾಗಿತ್ತು.

17ರಿಂದ 28ಕ್ಕೆ ಏರಿದ್ದು 'ಶೇ 11 ಏರಿಕೆ' ಎಂದು ಎಲ್ಲರೂ ಹೇಳುತ್ತಾರೆ. ಭತ್ಯೆಯನ್ನೇ ಮೂಲವಾಗಿಟ್ಟರೆ ಏರಿಕೆ ಶೇ 64.7. ಕೈಗೆ ಬರುವ ಒಟ್ಟು ಪಿಂಚಣಿ 117ರಿಂದ 128 ಆಯಿತೆಂದು ನೋಡಿದರೆ ಶೇ 9.4. ಮೂರೂ ಸರಿ. ಪಾಠ ಯೋಜನೆಯಲ್ಲಿ ಬರೆದಿದ್ದ 'ಯಾವುದರ ಶೇಕಡಾ?' ಎಂಬ ಪ್ರಶ್ನೆಯನ್ನು ಇಲ್ಲಿ ನಾನು ಕೇಳಬೇಕಾಗಲಿಲ್ಲ.

ಈ ಪಾಠಕ್ಕೆ ನಾವೆಲ್ಲ ಬಳಸುವ ಗಾದೆ 'ಹಾಸಿಗೆ ಇದ್ದಷ್ಟು ಕಾಲು ಚಾಚು'. ಆರಂಭಕ್ಕೆ ಅಡ್ಡಿಯಿಲ್ಲ, ಆದರೆ ಅಲ್ಲೇ ನಿಲ್ಲಬಾರದು. ಮನೆಯವರು ಖರ್ಚು ನಿಲ್ಲಿಸಿದರೆ ಅವರ ಸಂಬಳ ಕಡಿಮೆಯಾಗುವುದಿಲ್ಲ. ಸರ್ಕಾರ ಖರ್ಚು ನಿಲ್ಲಿಸಿದರೆ ಪಿಂಚಣಿದಾರರು ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಬಟ್ಟೆ ಕೊಳ್ಳುವುದನ್ನು ಮುಂದೂಡುತ್ತಾರೆ, ಅಂಗಡಿಯಿಂದ ಬರಬೇಕಾದ ತೆರಿಗೆ ಕಡಿಮೆಯಾಗುತ್ತದೆ, ರಾಜಸ್ವ ಜಮೆಯೇ ಇಳಿಯುತ್ತದೆ. 2020-21ರಲ್ಲಿ ಆದಾಯ ಕುಸಿದಾಗ ಕರ್ನಾಟಕ ತನ್ನ ಕಾಯ್ದೆಗೆ ತಿದ್ದುಪಡಿ ತಂದು ವಿತ್ತೀಯ ಕೊರತೆಯ ಮಿತಿಯನ್ನು ಶೇ 3ರಿಂದ ಶೇ 5ಕ್ಕೆ ಏರಿಸಿತು. ಇದನ್ನು ಹೇಳಿದಾಗ, "ಹಾಸಿಗೆಯನ್ನೇ ಉದ್ದ ಮಾಡಿದರು" ಎಂದು ಒಬ್ಬಳು ನಕ್ಕಳು. ಅದೇ ವರ್ಷ ಹೊಸ ನೇಮಕಾತಿಗಳನ್ನೂ ತಡೆಹಿಡಿಯಲಾಗಿತ್ತು. ಖಾಲಿ ಹುದ್ದೆ ಯಾವ ಪಟ್ಟಿಯಲ್ಲೂ 'ಕಡಿತ' ಎಂದು ಕಾಣುವುದಿಲ್ಲ, ಅತಿಥಿ ಶಿಕ್ಷಕರಾಗಿ ದುಡಿದವರಿಗೆ ಮಾತ್ರ ಕಾಣುತ್ತದೆ. ಈ ಪತ್ರಿಕೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಾಠವನ್ನು ಬಳಸಿಕೊಳ್ಳುವವರಿಗೆ ಎರಡು ಮಾತು. ಅಂಕಿಗಳನ್ನು ಸಾವಿರ ಕೋಟಿಗೆ ಪೂರ್ಣಗೊಳಿಸಿದರೆ ಸಮಯ ಉಳಿಯುತ್ತದೆ. ನಲವತ್ತು ನಿಮಿಷದಲ್ಲಿ ಗುಂಪು ಚಟುವಟಿಕೆ ಮುಗಿಯಬೇಕಾದರೆ ಇದು ಬೇಕೇ ಬೇಕು. ಮೂರು ಬಗೆಯ ಆಯವ್ಯಯದ ವ್ಯಾಖ್ಯೆಗಳನ್ನು ಕೊನೆಗೆ ಬರೆಸಿ.

ಮನೆಗೆಲಸಕ್ಕೆ ಕೊಟ್ಟದ್ದು ಒಂದೇ ಪ್ರಶ್ನೆ, ಮೆಟ್ರೊ ಕಾಮಗಾರಿ ಕಂಡ ಮಕ್ಕಳೇ ಎತ್ತಿದ್ದು: ಬಂಡವಾಳ ವೆಚ್ಚದ 71,336 ಕೋಟಿಯಲ್ಲಿ 19,262 ಕೋಟಿಯ ಕಾಮಗಾರಿ ನಿಲ್ಲಿಸಿದರೆ ರಾಜಸ್ವ ಕೊರತೆ ಎಷ್ಟಾಗುತ್ತದೆ? ಮೂವತ್ತೆಂಟು ಉತ್ತರಗಳಲ್ಲಿ ಇಪ್ಪತ್ತೊಂದು 'ಸೊನ್ನೆ' ಎಂದಿದ್ದವು. ಹದಿನಾಲ್ಕು ಮಕ್ಕಳು ಹಲಗೆಯ ನಾಲ್ಕು ಅಂಕಿಗಳನ್ನು ಮತ್ತೆ ನೋಡಿ ಅದೇ 19,262 ಎಂದು ಬರೆದಿದ್ದರು. ಉಳಿದ ಮೂವರು ಅರ್ಧ ಕಟ್ಟಿದ ಸೇತುವೆಯ ಚಿತ್ರ ಬಿಡಿಸಿದ್ದರು.