ಹವ್ಯಾಸಿ ಸಿ.ಎನ್.ಸಿ. ಯಂತ್ರದ ತಂತ್ರಾಂಶ: ಯಾವ ಸೌಲಭ್ಯ ಬೇಕು, ಯಾವುದು ಬೇಡ?

ಕಂಪ್ಯೂಟರಿನ ಆಜ್ಞೆಯಂತೆ ಮರ, ಪ್ಲಾಸ್ಟಿಕ್ ಮುಂತಾದ ಹಲಗೆಗಳನ್ನು ಕೊರೆದು ಕತ್ತರಿಸುವ ಯಂತ್ರಕ್ಕೆ ಸಿ.ಎನ್.ಸಿ. ಯಂತ್ರವೆನ್ನುತ್ತಾರೆ. ಇದರ ಚಿಕ್ಕ ಮಾದರಿಗಳನ್ನು ಹವ್ಯಾಸಿಗಳು ಮನೆಯಲ್ಲಿಯೇ ಜೋಡಿಸಿಕೊಳ್ಳುತ್ತಾರೆ. ಬಿತ್ತನೆ ಯಂತ್ರದ ಬೀಜದ ತಟ್ಟೆಯಂತಹ ಬಿಡಿಭಾಗಗಳನ್ನೂ ಇದರಲ್ಲಿ ತಯಾರಿಸಬಹುದು. ಯಂತ್ರವನ್ನು ನಡೆಸುವ ತಂತ್ರಾಂಶದಲ್ಲಿ ಸೌಲಭ್ಯಗಳು ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ.

ಜಾಗದ ಮಿತಿ

ಉದಾಹರಣೆಗೆ 'ಗ್ರಬಲ್' ಎಂಬ ಉಚಿತ ತಂತ್ರಾಂಶವನ್ನು ತೆಗೆದುಕೊಳ್ಳಬಹುದು. ಇದನ್ನು ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ಅವರು 2009ರಲ್ಲಿ ಆರಂಭಿಸಿದರು; 2011ರಿಂದ ಸನ್ನಿ ಜಿಯಾನ್ ಅವರು ಮುಂದುವರಿಸಿದರು. ಇದು ನಡೆಯುವ 'ಆರ್ಡುಯಿನೊ ಊನೊ' ಫಲಕವು ಅಂಗೈಯಗಲದ್ದು. ಅದರಲ್ಲಿ ತಂತ್ರಾಂಶಕ್ಕೆ 32 ಕಿಲೋಬೈಟ್, ಲೆಕ್ಕಾಚಾರಕ್ಕೆ 2 ಕಿಲೋಬೈಟ್ ಜಾಗ ಮಾತ್ರ ಉಂಟು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಇಲ್ಲಿ ಅನಿವಾರ್ಯ.

ಸಮಯದ ಮಿತಿ

ಯಂತ್ರದ ಮೋಟಾರು ಒಂದು ವಿದ್ಯುತ್ ಮಿಡಿತಕ್ಕೆ ಒಂದು ಹೆಜ್ಜೆಯಂತೆ ತಿರುಗುತ್ತದೆ. ಒಂದು ಸುತ್ತಿಗೆ 1,600 ಮಿಡಿತ ಬೇಕಾಗಿ, ಆ ಸುತ್ತಿಗೆ ಯಂತ್ರವು 8 ಮಿ.ಮೀ. ಸರಿದರೆ, 1 ಮಿ.ಮೀ.ಗೆ 200 ಮಿಡಿತಗಳಾಗುತ್ತವೆ. ಸೆಕೆಂಡಿಗೆ 50 ಮಿ.ಮೀ. ವೇಗಕ್ಕೆ 10,000 ಮಿಡಿತಗಳು ಬೇಕು. ಗ್ರಬಲ್ ಸೆಕೆಂಡಿಗೆ ಸುಮಾರು 30,000 ಮಿಡಿತಗಳವರೆಗೆ ಏರುಪೇರಿಲ್ಲದೆ ಕೊಡಬಲ್ಲದು. ಮಿಡಿತಗಳು ಏರುಪೇರಾದರೆ ಮೋಟಾರು ಹೆಜ್ಜೆ ತಪ್ಪಬಹುದು. ಸಾಮಾನ್ಯ ಹವ್ಯಾಸಿ ಯಂತ್ರದಲ್ಲಿ ಇದು ಫಲಕಕ್ಕೆ ತಿಳಿಯುವುದಿಲ್ಲ. ಮುಂದಿನ ತೂತುಗಳೆಲ್ಲ ಸ್ಥಳ ತಪ್ಪಿ ಬೀಳುತ್ತವೆ.

ಕೇಳಬೇಕಾದ ಮೂರು ಪ್ರಶ್ನೆಗಳು

1. ಯಂತ್ರ ಚಲಿಸುತ್ತಿರುವಾಗಲೇ ಆಗಬೇಕಾದ ಕೆಲಸವೇ? ಹೌದಾದರೆ ಅದು ಫಲಕದಲ್ಲಿಯೇ ಇರಬೇಕು. ವೇಗವನ್ನು ಕ್ರಮವಾಗಿ ಏರಿಸಿ ಇಳಿಸುವುದು, ಅಂಚಿನ ಸ್ವಿಚ್ಚು ತಗುಲಿದೊಡನೆ ನಿಲ್ಲುವುದು, ಕೆಲಸವನ್ನು ತಾತ್ಕಾಲಿಕವಾಗಿ ತಡೆಯುವುದು ಈ ವರ್ಗಕ್ಕೆ ಸೇರುತ್ತವೆ. ಲೇಸರ್ ಕಿರಣ ನಿಂತಲ್ಲೇ ಉರಿದರೆ ಮರ ಸುಡುತ್ತದೆ. ಆದುದರಿಂದ ವೇಗಕ್ಕೆ ತಕ್ಕಂತೆ ಕಿರಣವನ್ನು ತಗ್ಗಿಸುವ ಸೌಲಭ್ಯವನ್ನು ಗ್ರಬಲ್‌ನ 1.1ನೇ ಆವೃತ್ತಿಯಲ್ಲಿ ಸೇರಿಸಲಾಯಿತು.

2. ಮುಂಚಿತವಾಗಿಯೇ ಕಂಪ್ಯೂಟರಿನಲ್ಲಿ ಮಾಡಿಡಬಹುದೇ? ಹಾಗಿದ್ದರೆ ಫಲಕಕ್ಕೆ ಅದರ ಹೊರೆ ಬೇಡ. ಬೀಜದ ತಟ್ಟೆಗೆ ಸಮಾನ ಅಂತರದಲ್ಲಿ 16 ತೂತುಗಳು ಬೇಕೆನ್ನೋಣ. 22.5 ಡಿಗ್ರಿಗೊಂದರಂತೆ ಅವುಗಳ ಸ್ಥಾನವನ್ನು ಕಂಪ್ಯೂಟರು ಲೆಕ್ಕಹಾಕಿ, 'ಅಲ್ಲಿಗೆ ಸರಿ, ಕೆಳಗಿಳಿ, ಮೇಲೇರು' ಎಂದು ತೂತಿಗೆ ಮೂರರಂತೆ 48 ಸರಳ ಆಜ್ಞೆಗಳನ್ನು ಬರೆದಿಡುತ್ತದೆ. ಈ ಕಾರಣದಿಂದಲೇ ಗ್ರಬಲ್‌ನಲ್ಲಿ ತೂತು ಕೊರೆಯುವ ಸಿದ್ಧ ಆವರ್ತನಗಳನ್ನು ಸೇರಿಸಿಲ್ಲ.

3. ಇದಕ್ಕಾಗಿ ಏನನ್ನು ಬಿಡಬೇಕಾಗುತ್ತದೆ? 1.1ನೇ ಆವೃತ್ತಿಯಲ್ಲಿ ಜಾಗ ಉಳಿಸಲು ದೋಷಸೂಚನೆಯ ವಾಕ್ಯಗಳನ್ನು ತೆಗೆದು ಅಂಕಿಗಳನ್ನಷ್ಟೇ ಇಡಲಾಯಿತು. ಅಂಕಿಯ ಅರ್ಥವನ್ನು ಕಂಪ್ಯೂಟರು ತಿಳಿಸುತ್ತದೆ.

ತುರ್ತು ನಿಲುಗಡೆ

ಒಂದು ಸೌಲಭ್ಯವನ್ನು ಮಾತ್ರ ಯಾವ ತಂತ್ರಾಂಶಕ್ಕೂ ವಹಿಸಬಾರದು. ಕೈ ಅಥವಾ ಬಟ್ಟೆ ಸಿಕ್ಕಿಕೊಂಡಾಗ ಪರದೆಯ ಮೇಲಿನ ಗುಂಡಿಯನ್ನು ನಂಬುವಂತಿಲ್ಲ. ಕಂಪ್ಯೂಟರು ಸ್ತಬ್ಧವಾಗಿದ್ದರೆ ಆಜ್ಞೆ ತಲುಪುವುದೇ ಇಲ್ಲ. ಮೋಟಾರುಗಳ ಮತ್ತು ಕೊರೆಯುವ ಉಪಕರಣದ ವಿದ್ಯುತ್ತನ್ನು ನೇರವಾಗಿ ಕಡಿಯುವ ಕೆಂಪು ಗುಂಡಿಯನ್ನು ಕೈಗೆಟಕುವಂತೆ ಅಳವಡಿಸಬೇಕು. ಅದನ್ನು ಒತ್ತಿದ ಮೇಲೆ ಯಂತ್ರದ ಆರಂಭಸ್ಥಾನವನ್ನು ಮತ್ತೆ ಗುರುತಿಸಿಯೇ ಕೆಲಸ ಮುಂದುವರಿಸಬೇಕು.

ತೋಟದಲ್ಲಿಯೂ ಇದೇ ಕ್ರಮ

ತರಕಾರಿ ಮಡಿಯ ಮೇಲೆ ಚಲಿಸುತ್ತ ಬೀಜ ಹಾಕಿ ನೀರುಣಿಸುವ ಅಮೆರಿಕದ 'ಫಾರ್ಮ್‌ಬಾಟ್' ಯಂತ್ರದಲ್ಲಿಯೂ ಕೆಲಸ ಹೀಗೆಯೇ ಹಂಚಿಹೋಗಿದೆ. ಮೋಟಾರು ನಡೆಸಲು ಒಂದು ಸಣ್ಣ ಫಲಕ, ಯಾವಾಗ ಎಲ್ಲಿ ಬಿತ್ತಬೇಕೆಂಬ ಯೋಜನೆಗೆ ಪ್ರತ್ಯೇಕ ಕಂಪ್ಯೂಟರು. ಇಂತಹ ಯಂತ್ರವನ್ನು ಕೊಳ್ಳುವ ಅಥವಾ ಜೋಡಿಸುವ ರೈತರು ಮತ್ತು ಅವರಿಗೆ ಸಲಹೆ ನೀಡುವ ವಿಸ್ತರಣಾ ಕಾರ್ಯಕರ್ತರು ಸೌಲಭ್ಯಗಳ ಪಟ್ಟಿಯ ಉದ್ದಕ್ಕೆ ಮಾರುಹೋಗದೆ, ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿ, ಕೆಂಪು ಗುಂಡಿಯನ್ನು ಪರೀಕ್ಷಿಸಿ ನಿರ್ಧರಿಸುವುದು ಲೇಸು.